ಆನ್‌ಲೈನಿನಲ್ಲಿ ಒಂದೇ ಹೆಸರು ಸಾಕಾ, ನಾಲ್ಕು ಬೇಕಾ? ಮುಂಬೈ ಕನ್ನಡಿಗರಿಗೊಂದು ಹೋಲಿಕೆ

ಮುಂಬೈಯಲ್ಲಿರುವ ಕನ್ನಡಿಗರಿಗೆ ದಿನಕ್ಕೆ ನಾಲ್ಕು ಭಾಷೆ ಬೇಕೇ ಬೇಕು. ಮನೆಯಲ್ಲಿ ತುಳುವೋ ಕೊಂಕಣಿಯೋ ವಿಜಯಪುರದ ಕನ್ನಡವೋ, ಸೊಸೈಟಿಯ ಗ್ರೂಪಿನಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ, ಆಫೀಸಿನ ಮೇಲ್‌ನಲ್ಲಿ ಇಂಗ್ಲಿಷ್. ಭಾಷೆ ಬದಲಾದಂತೆ ಎದುರಿಗಿರುವ ಜನ ಬದಲಾಗುತ್ತಾರೆ, ನಾವು ಆಡುವ ಮಾತೂ ಬದಲಾಗುತ್ತದೆ. ಇದರಲ್ಲಿ ಕಪಟ ಏನೂ ಇಲ್ಲ, ಎಲ್ಲರೂ ಬದುಕುವುದೇ ಹೀಗೆ. ಆದರೆ ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಊರಿನ ಚಿಕ್ಕಪ್ಪ, ಬಿಕೆಸಿ ಆಫೀಸಿನ ಬಾಸ್, ಪಕ್ಕದ ಫ್ಲ್ಯಾಟಿನ ಕಾಕೂ, ಮಾಟುಂಗಾದ ಕಾರ್ಯಕ್ರಮದಲ್ಲಿ ಪರಿಚಯವಾದ ಹಿರಿಯರು, ಕಾಲೇಜಿನ ಗೆಳತಿ ಎಲ್ಲರೂ ಒಂದೇ ಪಟ್ಟಿಯಲ್ಲಿ ಬಂದು ಕೂರುತ್ತಾರೆ. ಒಂದು ಮಾತು ಬರೆದರೆ ಎಲ್ಲರಿಗೂ ಹೋಗುತ್ತದೆ. ಆಗ ಅನಿಸುತ್ತದೆ, ಇನ್ನೊಂದು ಅಕೌಂಟ್ ಮಾಡಲಾ, ಇದ್ದ ಒಂದರಲ್ಲೇ ಸುಧಾರಿಸಲಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಎಷ್ಟು ಹವ್ಯಾಸ ಇದೆ, ಎಷ್ಟು ಭಾಷೆ ಬರುತ್ತದೆ ಎಂದು ಎಣಿಸಿ ಅಕೌಂಟ್ ಮಾಡಬೇಡಿ. ಯಾರು ಏನು ನೋಡಿದರೆ ನಿಮಗೆ ನಿಜವಾಗಿ ನಷ್ಟ ಆಗುತ್ತದೆ ಎಂದು ಯೋಚಿಸಿ, ಅಷ್ಟನ್ನು ಮಾತ್ರ ಬೇರೆ ಮಾಡಿ. ಮುಜುಗರ ಬೇರೆ, ನಷ್ಟ ಬೇರೆ. ಮುಜುಗರಕ್ಕೆ ಸೆಟ್ಟಿಂಗ್ಸ್ ಸಾಕು. ನಷ್ಟಕ್ಕೆ ಮಾತ್ರ ಇನ್ನೊಂದು ಹೆಸರು ಬೇಕು.

ಇರುವ ದಾರಿಗಳು

ಜನ ಎರಡೇ ದಾರಿ ಇದೆ ಅಂದುಕೊಳ್ಳುತ್ತಾರೆ. ನಾನು ನೋಡಿದ ಹಾಗೆ ನಾಲ್ಕು ಇವೆ. ಎಲ್ಲ ಕಡೆ ಒಂದೇ ಹೆಸರು, ಒಂದೇ ಫೋಟೋ, ಎಲ್ಲವೂ ತೆರೆದೇ ಇರುವುದು ಮೊದಲನೆಯದು. ಹೆಸರು ಒಂದೇ, ಆದರೆ ಯಾರಿಗೆ ಏನು ಕಾಣಬೇಕು ಎಂದು ಬೇರ್ಪಡಿಸುವುದು ಎರಡನೆಯದು. ಅಂಗಡಿಗೆ, ಕಲೆಗೆ, ಬರವಣಿಗೆಗೆ ಇನ್ನೊಂದು ಹೆಸರು ಇಟ್ಟು, ಅದು ನಿಮ್ಮದೇ ಎಂದು ನಾಲ್ಕು ಜನರಿಗೆ ಗೊತ್ತಿರುವುದು ಮೂರನೆಯದು. ಯಾರಿಗೂ ಗೊತ್ತಾಗಬಾರದ ಗುಟ್ಟಿನ ಹೆಸರು ಕೊನೆಯದು. ಈ ಕೊನೆಯ ಎರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಗೊಂದಲ ಆಗುವುದು.

ಎಲ್ಲ ಕಡೆ ಒಂದೇ ಹೆಸರು ಇದ್ದರೆ

ಲಾಭ ದೊಡ್ಡದು. ಕೆಲಸ ಹುಡುಕುವವರಿಗೆ, ಸ್ವಂತ ವೃತ್ತಿ ಮಾಡುವವರಿಗೆ, ಸಿಎ, ವಕೀಲ, ಡಾಕ್ಟರ್, ಮೇಷ್ಟ್ರು ಇಂಥವರಿಗೆ ಹೆಸರೇ ಬಂಡವಾಳ. ಹತ್ತು ವರ್ಷ ಒಂದೇ ಹೆಸರಿನಲ್ಲಿ ಬರೆದದ್ದು, ಮಾಡಿದ್ದು, ಮಾತಾಡಿದ್ದು ಒಟ್ಟಿಗೆ ಸೇರುತ್ತದೆ. ಹುಡುಕಿದವರಿಗೆ ಸಿಗುತ್ತದೆ. ಲಿಂಕ್ಡ್‌ಇನ್ ಅಂತೂ ನಿಜ ಹೆಸರನ್ನೇ ಕೇಳುತ್ತದೆ, ಒಬ್ಬರಿಗೆ ಒಂದೇ ಅಕೌಂಟ್ ಎಂಬುದು ಅದರ ನಿಯಮ. ಮ್ಯಾಟ್ರಿಮೊನಿ, ಬಾಡಿಗೆ ಮನೆ, ಬ್ಯಾಂಕು, ಇಲ್ಲೆಲ್ಲ ಬೇರೆ ಹೆಸರಿನ ಮಾತೇ ಬರುವುದಿಲ್ಲ.

ಆದರೆ ನಮ್ಮ ಊರಿನವರಿಗೆ ಇಲ್ಲಿ ಒಂದು ವಿಚಿತ್ರ ತೊಂದರೆ ಇದೆ. ‘ಒಂದೇ ಹೆಸರು’ ಎನ್ನುವುದೇ ಒಂದಾಗಿರುವುದಿಲ್ಲ. ಉಡುಪಿಯ ಕಡೆ ಹುಟ್ಟಿ ಡೊಂಬಿವಿಲಿಯಲ್ಲಿ ಓದಿದ ಒಬ್ಬ ಸುಜಾತಾಳನ್ನು ನೆನೆಸಿಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ನಮ್ಮವರು ಟಿ ಪಕ್ಕ ಒಂದು ಎಚ್ ಹಾಕುತ್ತಾರೆ. ಇಲ್ಲಿಯ ಶಾಲೆಯವರು ಆ ಎಚ್ ಬಿಟ್ಟು ಬರೆಯುತ್ತಾರೆ. ಊರಿನ ಕಾಗದದಲ್ಲಿ ಹೆಸರಿನ ಹಿಂದೆ ಇನಿಶಿಯಲ್ ಇರುತ್ತದೆ. ಮಹಾರಾಷ್ಟ್ರದ ಪದ್ಧತಿಯಲ್ಲಿ ಮೊದಲು ತನ್ನ ಹೆಸರು, ಮಧ್ಯೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಮದುವೆಯಾದರೆ ಮಧ್ಯದ ಹೆಸರೂ ಕೊನೆಯ ಹೆಸರೂ ಎರಡೂ ಬದಲಾಗುವುದುಂಟು. 2024ರಲ್ಲಿ ಮಹಾರಾಷ್ಟ್ರ ಸರ್ಕಾರ, ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ತಾಯಿಯ ಹೆಸರೂ ಸೇರಬೇಕು ಎಂದು ತೀರ್ಮಾನಿಸಿತು. ಅದು ಒಳ್ಳೆಯದೇ. ಆದರೆ ಮಗುವಿನ ಹೆಸರು, ತಾಯಿ ಹೆಸರು, ತಂದೆ ಹೆಸರು, ಅಡ್ಡಹೆಸರು ಎಂದು ನಾಲ್ಕು ಭಾಗ ಆಯಿತು. ಊರಿನ ಅಜ್ಜ ಬರೆಸಿದ ಕಾಗದಕ್ಕೂ ಇದಕ್ಕೂ ಹೊಂದುವುದಿಲ್ಲ.

ಇದರಿಂದ ಏನಾಗುತ್ತದೆ ಎಂದರೆ, ಆಧಾರ್‌ನಲ್ಲಿ ಒಂದು, ಪ್ಯಾನ್‌ನಲ್ಲಿ ಒಂದು, ಲಿಂಕ್ಡ್‌ಇನ್‌ನಲ್ಲಿ ಒಂದು, ಫೇಸ್‌ಬುಕ್ಕಿನಲ್ಲಿ ತವರಿನ ಹೆಸರು, ಹೀಗೆ ಬೇಕೆಂದು ಮಾಡದೇ ನಾಲ್ಕು ಗುರುತು ಆಗಿಬಿಟ್ಟಿರುತ್ತವೆ. ಹೊಸ ಕೆಲಸಕ್ಕೆ ಸೇರುವಾಗ ವೆರಿಫಿಕೇಶನ್ ಮಾಡುವವರು ಇದನ್ನೇ ಹಿಡಿದು ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಒಂದೇ ಹೆಸರಿನ ದಾರಿ ಹಿಡಿಯುವವರು ಮೊದಲು ಮಾಡಬೇಕಾದ ಕೆಲಸ ಇದು: ಪ್ಯಾನ್‌ನಲ್ಲಿರುವ ಸ್ಪೆಲ್ಲಿಂಗನ್ನೇ ಕೆಲಸಕ್ಕೆ ಸಂಬಂಧಪಟ್ಟ ಎಲ್ಲ ಕಡೆ ಹಾಕಿ. ಕನ್ನಡದಲ್ಲಿ ಹೆಸರು ಹೇಗೆ ಬೇಕಾದರೂ ಚಂದವಾಗಿ ಬರೆದುಕೊಳ್ಳಿ. ಇಂಗ್ಲಿಷಿನ ಆ ಒಂದು ಎಚ್ ಮಾತ್ರ ಎಲ್ಲ ಕಡೆ ಇರಲಿ, ಇಲ್ಲವೇ ಎಲ್ಲೂ ಬೇಡ.

ಅದರ ಬೆಲೆ

ಒಂದೇ ಹೆಸರಿನಲ್ಲಿ ಇರುವವರು ಎಲ್ಲದಕ್ಕೂ ಒಟ್ಟಿಗೇ ಉತ್ತರ ಕೊಡಬೇಕಾಗುತ್ತದೆ. ಇಲ್ಲಿಂದ ದೂರವಿಲ್ಲದ ಪಾಲ್ಘರ್‌ನಲ್ಲಿ 2012ರ ನವೆಂಬರ್‌ನಲ್ಲಿ ನಡೆದದ್ದು ಈಗಲೂ ನೆನಪಿಡಬೇಕಾದ ವಿಷಯ. ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಒಬ್ಬ ಹುಡುಗಿ ಫೇಸ್‌ಬುಕ್ಕಿನಲ್ಲಿ ಬರೆದಳು, ಅವಳ ಗೆಳತಿ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಬರೆದವಳ ಚಿಕ್ಕಪ್ಪನ ಆಸ್ಪತ್ರೆಗೆ ನುಗ್ಗಿ ಒಡೆದುಹಾಕಿದರು. ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಕಲಮನ್ನು, ಅಂದರೆ ಆನ್‌ಲೈನಿನಲ್ಲಿ ಮನನೋಯಿಸುವ ಮಾತು ಬರೆಯುವುದೇ ಅಪರಾಧ ಎನ್ನುತ್ತಿದ್ದ ಕಲಮನ್ನು, ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಕಲಮು ಹೋಯಿತು, ಸಿಟ್ಟಾದ ಜನರಿಗೆ ಮನೆಯ ವಿಳಾಸ ಸಿಗುವುದು ಹೋಗಲಿಲ್ಲ. ಹೆಸರು, ಊರು, ಮನೆಯವರ ವ್ಯಾಪಾರ ಎಲ್ಲವೂ ಒಂದೇ ಪ್ರೊಫೈಲಿನಲ್ಲಿ ಇದ್ದರೆ ಹುಡುಕುವುದಕ್ಕೆ ಐದು ನಿಮಿಷವೂ ಬೇಡ.

ನಮಗೆ ಇದು ಬೆಳಗಾವಿಯ ವಿಷಯದಲ್ಲಿ ತಟ್ಟುತ್ತದೆ. ನವೆಂಬರ್ 1 ಬಂದರೆ ಇಲ್ಲಿಯ ಸಂಘಗಳಲ್ಲಿ ರಾಜ್ಯೋತ್ಸವ, ನಾವೆಲ್ಲ ಸಂತೋಷದಿಂದ ಫೋಟೋ ಹಾಕುತ್ತೇವೆ. ಅದೇ ದಿನ ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕರಾಳ ದಿನ ಮಾಡುತ್ತಾರೆ. ಗಡಿ ಗಲಾಟೆ ಜೋರಾದ ವರ್ಷ ಎರಡೂ ಕಡೆಯ ಬಸ್ಸುಗಳಿಗೆ ಮಸಿ ಬಳಿಯುತ್ತಾರೆ. ಆ ವಾರ ಕನ್ನಡದಲ್ಲಿ ಬರೆದ ನಾಲ್ಕು ಸಾಲನ್ನು ಯಾರೋ ಮರಾಠಿಗೆ ಅನುವಾದ ಮಾಡಿ ಸೊಸೈಟಿಯ ಗ್ರೂಪಿಗೆ ಹಾಕಿದರೆ, ದಿನಾ ಲಿಫ್ಟಿನಲ್ಲಿ ಸಿಗುವವರ ಮುಖ ನೋಡುವುದು ಕಷ್ಟ. ನಾನು ಹೇಳುವುದು ಬಾಯಿ ಮುಚ್ಚಿಕೊಂಡಿರಿ ಎಂದಲ್ಲ. ಬೆಳಗಾವಿಯ ಬಗ್ಗೆ ನಿಮಗೆ ಗಟ್ಟಿ ಅಭಿಪ್ರಾಯ ಇದ್ದರೆ ಬರೆಯಿರಿ, ಆದರೆ ಆ ಪ್ರೊಫೈಲಿನಲ್ಲಿ ಕಂಪನಿಯ ಹೆಸರು, ಬಿಲ್ಡಿಂಗಿನ ಹೆಸರು, ಮಗಳ ಶಾಲೆಯ ಯೂನಿಫಾರ್ಮ್ ಇರುವ ಫೋಟೋ ಇರದ ಹಾಗೆ ನೋಡಿಕೊಳ್ಳಿ.

ಎಲ್ಲರೂ ನಿಜ ಹೆಸರು ಹಾಕಿದರೆ ಜಾಲತಾಣ ಸ್ವಚ್ಛವಾಗುತ್ತದೆ ಎನ್ನುವವರಿದ್ದಾರೆ. ದಕ್ಷಿಣ ಕೊರಿಯಾ ಇದನ್ನು ಕಾನೂನೇ ಮಾಡಿ ನೋಡಿತು. 2007ರಿಂದ ದೊಡ್ಡ ಜಾಲತಾಣಗಳಲ್ಲಿ ಬರೆಯುವವರ ನಿಜ ಗುರುತನ್ನು ಪರಿಶೀಲಿಸಬೇಕಾಯಿತು. 2011ರಲ್ಲಿ ಅಲ್ಲಿಯ ನೇಟ್ ಮತ್ತು ಸೈವರ್ಲ್ಡ್ ತಾಣಗಳ ಮೇಲೆ ದಾಳಿ ಆಗಿ ಸುಮಾರು 3.5 ಕೋಟಿ ಜನರ ಮಾಹಿತಿ ಕಳ್ಳರ ಕೈ ಸೇರಿತು. 2012ರ ಆಗಸ್ಟ್‌ನಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವೇ ಆ ಕಾನೂನನ್ನು ತೆಗೆದುಹಾಕಿತು. ಗೂಗಲ್ ಪ್ಲಸ್ 2011ರಲ್ಲಿ ನಿಜ ಹೆಸರಿನ ಹಠ ಹಿಡಿದು ಶುರುವಾಗಿ, 2014ರಲ್ಲಿ ಹಠ ಬಿಟ್ಟಿತು. ಎರಡು ಗುರುತು ಇಟ್ಟುಕೊಳ್ಳುವುದು ಪ್ರಾಮಾಣಿಕತೆಯ ಕೊರತೆ ಎಂಬ ಅರ್ಥದ ಮಾತನ್ನು ಮಾರ್ಕ್ ಜುಕರ್‌ಬರ್ಗ್ ಒಮ್ಮೆ ಆಡಿದ್ದರು. 2023ರಲ್ಲಿ ಅವರ ಫೇಸ್‌ಬುಕ್ಕೇ ಒಂದು ಅಕೌಂಟಿನ ಕೆಳಗೆ ಇನ್ನೂ ನಾಲ್ಕು ಪ್ರೊಫೈಲ್ ಮಾಡಿಕೊಳ್ಳಿ ಎಂದಿತು. ಇನ್ನೊಂದು ಹೆಸರು ಬೇಕು ಅನಿಸಿದರೆ ನಾಚಿಕೆ ಪಡಬೇಕಾಗಿಲ್ಲ, ಅಷ್ಟೇ ನಾನು ಹೇಳಬೇಕೆಂದದ್ದು.

ಇನ್ನೊಂದು ಅಕೌಂಟ್ ಮಾಡುವ ಮುಂಚೆ

ಹೆಚ್ಚಿನವರ ಸಮಸ್ಯೆ ಇಲ್ಲೇ ಮುಗಿಯುತ್ತದೆ, ಆದ್ದರಿಂದ ನಿಧಾನಕ್ಕೆ ಓದಿ. ಗೋವಾ ಟ್ರಿಪ್ಪಿನ ಫೋಟೋ ಅತ್ತೆಯ ಮನೆಯವರಿಗೆ ಕಾಣಬಾರದು, ಆಫೀಸಿನವರಿಗೆ ನಿಮ್ಮ ರಜೆಯ ಸುದ್ದಿ ಬೇಡ, ಇದಕ್ಕೆಲ್ಲ ಬೇರೆ ಅಕೌಂಟ್ ಬೇಕಾಗಿಲ್ಲ. ವಾಟ್ಸಾಪ್ ಸ್ಟೇಟಸ್ಸಿನ ಪ್ರೈವಸಿಯಲ್ಲಿ ಕೆಲವರನ್ನು ಬಿಟ್ಟು ಉಳಿದವರಿಗೆ ಎಂದು ಆರಿಸಬಹುದು. ಡಿಪಿ, ಲಾಸ್ಟ್ ಸೀನ್ ಕೂಡ ಹಾಗೇ. ಇನ್‌ಸ್ಟಾಗ್ರಾಮಿನಲ್ಲಿ ಕ್ಲೋಸ್ ಫ್ರೆಂಡ್ಸ್ ಪಟ್ಟಿ ಮಾಡಿ ಸ್ಟೋರಿಯನ್ನು ಅವರಿಗೆ ಮಾತ್ರ ತೋರಿಸಬಹುದು. ಫೇಸ್‌ಬುಕ್ಕಿನಲ್ಲಿ ಪ್ರತಿ ಪೋಸ್ಟಿಗೂ ಯಾರು ನೋಡಬೇಕು ಎಂದು ಕೇಳುತ್ತದೆ, ನಾವು ಅದನ್ನು ಮುಟ್ಟುವುದೇ ಇಲ್ಲ, ಅಲ್ವಾ? ಹಳೆಯ ಪೋಸ್ಟುಗಳನ್ನು ಒಂದೇ ಸಲಕ್ಕೆ ಸ್ನೇಹಿತರಿಗೆ ಮಾತ್ರ ಎಂದು ಬದಲಿಸುವ ಅವಕಾಶವೂ ಅಲ್ಲೇ ಇದೆ.

ಭಾಷೆಗೊಂದು ಅಕೌಂಟ್ ಮಾಡುವವರೂ ಇದ್ದಾರೆ. ಕನ್ನಡಕ್ಕೆ ಒಂದು, ಮರಾಠಿಗೆ ಒಂದು, ಇಂಗ್ಲಿಷಿಗೆ ಒಂದು. ನನಗೆ ಇದು ಸರಿ ಕಾಣುವುದಿಲ್ಲ. ಎರಡು ತಿಂಗಳು ಉತ್ಸಾಹ ಇರುತ್ತದೆ, ಆಮೇಲೆ ಕನ್ನಡದ ಅಕೌಂಟೇ ಮೊದಲು ಒಣಗುವುದು, ಯಾಕೆಂದರೆ ಅಲ್ಲಿ ಲೈಕ್ ಕಡಿಮೆ. ಒಂದೇ ಕಡೆ ಎರಡು ಭಾಷೆಯಲ್ಲೂ ಬರೆಯಿರಿ. ಓದಲು ಬಾರದವರು ಮುಂದೆ ಹೋಗುತ್ತಾರೆ, ಅದರಿಂದ ಯಾರಿಗೂ ತೊಂದರೆ ಇಲ್ಲ. ನಿಮ್ಮ ಆಫೀಸಿನ ಮರಾಠಿ ಗೆಳೆಯನಿಗೆ ನೀವು ಕನ್ನಡದಲ್ಲಿ ಬರೆಯುತ್ತೀರಿ ಎಂದು ಗೊತ್ತಾಗುವುದು ಒಳ್ಳೆಯದೇ.

ಎಲ್ಲರಿಗೂ ಗೊತ್ತಿರುವ ಇನ್ನೊಂದು ಹೆಸರು

ಇದು ನಮಗೆ ಹೊಸದೇ ಅಲ್ಲ. ದ. ರಾ. ಬೇಂದ್ರೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. ಸರ್ಟಿಫಿಕೇಟಿನಲ್ಲಿ ದತ್ತಾತ್ರೇಯ ರಾಮಚಂದ್ರ, ಕವಿತೆಯ ಕೆಳಗೆ ಅಂಬಿಕಾತನಯದತ್ತ. ಮಾಸ್ತಿಯವರು ಕತೆಗೆ ಶ್ರೀನಿವಾಸ ಎಂದು ಹಾಕಿಕೊಂಡರು. ಓದುಗರಿಗೆ ಯಾರು ಯಾರು ಎಂದು ಚೆನ್ನಾಗಿ ಗೊತ್ತಿತ್ತು. ಯಾರೂ ಯಾರಿಗೂ ಸುಳ್ಳು ಹೇಳಲಿಲ್ಲ. ಕೆಲಸಕ್ಕೆ ಒಂದು ಹೆಸರು, ಕವಿತೆಗೆ ಒಂದು ಹೆಸರು.

ಇವತ್ತು ಇದರಿಂದ ಹೆಚ್ಚು ಅನುಕೂಲ ಆಗುವುದು ಮನೆಯಿಂದ ವ್ಯಾಪಾರ ಮಾಡುವ ಹೆಂಗಸರಿಗೆ ಮತ್ತು ಕಲಾವಿದರಿಗೆ. ಮೀರಾ ರೋಡಿನಲ್ಲಿ ನನಗೆ ಪರಿಚಯದ ಒಬ್ಬರು ಪತ್ರೊಡೆ, ನೀರ್ ದೋಸೆ, ಕೋರಿ ರೊಟ್ಟಿ ಮಾಡಿ ಕೊಡುತ್ತಾರೆ. ಮೊದಲು ಎಲ್ಲವೂ ಅವರ ಸ್ವಂತ ನಂಬರಿನಲ್ಲೇ ನಡೆಯುತ್ತಿತ್ತು. ಒಂದು ಪ್ಲೇಟ್ ನೀರ್ ದೋಸೆಗೆ ಆರ್ಡರ್ ಕೊಟ್ಟವರಿಗೆ ಅವರ ಮಗಳ ಹುಟ್ಟುಹಬ್ಬದ ಸ್ಟೇಟಸ್ ಕಾಣುತ್ತಿತ್ತು, ಗಂಡನ ತಾಯಿಗೆ ಹುಷಾರಿಲ್ಲದ್ದೂ ಗೊತ್ತಾಗುತ್ತಿತ್ತು. ರಾತ್ರಿ ಹನ್ನೊಂದಕ್ಕೆ ‘ನಾಳೆ ಬಂಗುಡೆ ಪುಳಿಮುಂಚಿ ಇದೆಯಾ’ ಎಂದು ಮೆಸೇಜ್. ಈಗ ಎರಡನೇ ಸಿಮ್ ಹಾಕಿ ಅದಕ್ಕೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಇಟ್ಟಿದ್ದಾರೆ. ಸಾಮಾನ್ಯ ವಾಟ್ಸಾಪ್ ಜೊತೆಗೇ ಅದೇ ಫೋನಿನಲ್ಲಿ ಇದೂ ನಡೆಯುತ್ತದೆ. ಅಡುಗೆಮನೆಗೆ ಒಂದು ಹೆಸರು, ಒಂದು ಲೋಗೋ, ರಾತ್ರಿ ಒಂಬತ್ತರ ನಂತರ ತಾನಾಗಿ ಹೋಗುವ ಉತ್ತರ. ನೆಂಟರ ಹೆಸರು ಗಿರಾಕಿಗಳ ನಡುವೆ ಕಳೆದುಹೋಗುವುದು ನಿಂತಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ದುಡ್ಡು ಬರುವ ಕಡೆ ನಿಜ ಹೆಸರು ಹೊರಗೆ ಬಂದೇ ಬರುತ್ತದೆ. ಯುಪಿಐನಲ್ಲಿ ದುಡ್ಡು ಕಳಿಸುವಾಗ ಬ್ಯಾಂಕಿನಲ್ಲಿರುವ ಹೆಸರು ಕಾಣುತ್ತದೆ. ನೀವು ಇನ್‌ಸ್ಟಾಗ್ರಾಮಿನಲ್ಲಿ ಎಷ್ಟು ಚಂದದ ಹೆಸರು ಇಟ್ಟುಕೊಂಡಿದ್ದರೂ ಕ್ಯೂಆರ್ ಸ್ಕ್ಯಾನ್ ಮಾಡಿದವರಿಗೆ ಗಂಡನ ಹೆಸರಿನ ಸಮೇತ ಪೂರ್ತಿ ಹೆಸರು ತೋರುತ್ತದೆ. ಯುಪಿಐ ಐಡಿಯಲ್ಲೇ ಮೊಬೈಲ್ ನಂಬರ್ ಇದ್ದರೆ ಅದೂ ಹೋಯಿತು. ಆದ್ದರಿಂದ ವ್ಯಾಪಾರಕ್ಕೆ ನಂಬರ್ ಇಲ್ಲದ ಐಡಿ ಮಾಡಿಕೊಳ್ಳಿ. ವ್ಯಾಪಾರ ಬೆಳೆದರೆ ಅಂಗಡಿಯ ಹೆಸರಿನಲ್ಲೇ ಕರೆಂಟ್ ಅಕೌಂಟ್ ತೆರೆಯಿರಿ. ಊಟ ತಿಂಡಿ ಮಾರುವವರಿಗೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಹೇಗೂ ಬೇಕು, ಅದು ನಿಜ ಹೆಸರಿನಲ್ಲೇ ಆಗುವುದು. ಅಂದರೆ ಈ ದಾರಿಯಲ್ಲಿ ಎರಡನೇ ಹೆಸರು ನಿಮ್ಮನ್ನು ಅಡಗಿಸುವುದಿಲ್ಲ, ಮನೆಯನ್ನೂ ಅಂಗಡಿಯನ್ನೂ ಬೇರೆ ಇಡುತ್ತದೆ. ಅಷ್ಟೇ ಸಾಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ.

ಕಲಾವಿದರಿಗೆ ಫೇಸ್‌ಬುಕ್ ಪೇಜ್ ಒಳ್ಳೆಯದು. ಪೇಜನ್ನು ನಡೆಸುವವರ ಹೆಸರು ನೋಡುವವರಿಗೆ ಕಾಣುವುದಿಲ್ಲ. ವಾರವಿಡೀ ಅಂಧೇರಿಯಲ್ಲಿ ಲೆಕ್ಕ ಬರೆದು ಶನಿವಾರ ರಾತ್ರಿ ಯಕ್ಷಗಾನಕ್ಕೆ ಬಣ್ಣ ಹಚ್ಚುವವರು ಇಲ್ಲಿ ಬೇಕಾದಷ್ಟಿದ್ದಾರೆ. ವೇಷದ ಫೋಟೋಗಳು ಪೇಜಿನಲ್ಲಿ ಇರಲಿ, ಆಫೀಸಿನವರು ನೋಡಬೇಕೆಂದರೆ ಬಂದು ನೋಡುತ್ತಾರೆ. ವೇದಿಕೆಯ ಹೆಸರನ್ನೇ ಮುಖ್ಯ ಪ್ರೊಫೈಲಿಗೆ ಹಾಕಬೇಡಿ. 2014ರಲ್ಲಿ ಹೆಣ್ಣುವೇಷ ಹಾಕಿ ಪ್ರದರ್ಶನ ಕೊಡುವ ಅಮೆರಿಕದ ಡ್ರ್ಯಾಗ್ ಕಲಾವಿದರು ಹಾಗೆ ಹಾಕಿದ್ದಕ್ಕೆ ಫೇಸ್‌ಬುಕ್ ಅವರ ಅಕೌಂಟುಗಳನ್ನು ತಡೆಹಿಡಿದು, ಗಲಾಟೆಯಾದ ಮೇಲೆ ಕ್ಷಮೆ ಕೇಳಿತು. ಕ್ಷಮೆ ಬರುವ ತನಕ ನಿಮ್ಮ ಜನ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಗುಟ್ಟಿನ ಹೆಸರು

ಇದು ಬೇಕಾದವರು ನಿಜವಾಗಿಯೂ ಇದ್ದಾರೆ. ಕಾಡುವ ಹಳೆಯ ಸಂಗಾತಿಯಿಂದ ತಪ್ಪಿಸಿಕೊಂಡು ಹುಬ್ಬಳ್ಳಿಯಿಂದ ಐರೋಲಿಗೆ ಬಂದ ಹುಡುಗಿ, ಮನೆಯಲ್ಲಿ ಹೇಳಿಕೊಳ್ಳಲಾಗದ ಕಾಯಿಲೆಯ ಬಗ್ಗೆ ಕೇಳಬೇಕಾದವರು, ತಾನು ಯಾರು ಎಂದು ಇನ್ನೂ ಮನೆಗೆ ತಿಳಿಸದ ಸಲಿಂಗಿ ಹುಡುಗ, ಕಂಪನಿಯೊಳಗಿನ ತಪ್ಪನ್ನು ಹೊರಗೆ ಹೇಳಬೇಕೆಂದಿರುವ ನೌಕರ. ಇವರಿಗೆಲ್ಲ ‘ನಿಜ ಹೆಸರು ಹಾಕೋಕೆ ಧೈರ್ಯ ಇಲ್ವಾ’ ಎಂದು ಕೇಳುವುದು ತುಂಬಾ ತಪ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ನಮ್ಮವರೇ.

ಕಾನೂನಿನ ಗೆರೆ ಎಲ್ಲಿದೆ ಎಂದೂ ತಿಳಿದಿರಲಿ. ಸುಮ್ನೆ ಬೇರೆ ಹೆಸರಿನಲ್ಲಿ ಬರೆಯುವುದು ಅಪರಾಧ ಅಲ್ಲ. ಇನ್ನೊಬ್ಬರ ಸೋಗು ಹಾಕಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷದ ತನಕ ಜೈಲು, ಒಂದು ಲಕ್ಷ ರೂಪಾಯಿ ತನಕ ದಂಡ. ವಿಕಿಪೀಡಿಯದಂಥ ಕಡೆ ಅಡ್ಡಹೆಸರಿನಲ್ಲಿ ಬರೆಯಬಹುದು, ಆದರೆ ಎರಡು ಅಕೌಂಟಿನಿಂದ ಬಂದು ತನ್ನ ಮಾತಿಗೆ ತಾನೇ ಹೌದು ಹೌದು ಎಂದರೆ ಹೊರಗೆ ಹಾಕುತ್ತಾರೆ.

ಇನ್ನು ನಾನು ಮನಸ್ಸಿಟ್ಟು ಹೇಳಬೇಕಾದ ಮಾತು. ಕನ್ನಡದಲ್ಲಿ ಗುಟ್ಟಾಗಿರುವುದು ಇಂಗ್ಲಿಷಿನಷ್ಟು ಸುಲಭ ಅಲ್ಲ. 2011ರ ಜನಗಣತಿಯ ಪ್ರಕಾರ ಇಡೀ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 10 ಲಕ್ಷ. ಅದರಲ್ಲಿ ಸೋಲಾಪುರ, ಸಾಂಗಲಿ ಕಡೆಯವರೂ ಸೇರಿದ್ದಾರೆ. ಮುಂಬೈಯಲ್ಲಿ ಕನ್ನಡದಲ್ಲಿ ದಿನಾ ಬರೆಯುವವರು ಅದರಲ್ಲಿ ಎಷ್ಟು ಜನ? ಮಾಹಿಮಿನ ಕರ್ನಾಟಕ ಸಂಘಕ್ಕೋ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿಗೋ ಹೋಗಿಬರುವವರಿಗೆ ಅರ್ಧ ಜನರ ಪರಿಚಯ ಇರುತ್ತದೆ. ಗುಟ್ಟಿನ ಹೆಸರಿನಲ್ಲಿ ನೀವು ಬರೆದದ್ದರಲ್ಲಿ ಒಂದೇ ಒಂದು ‘ಹ್ವಾಯ್’ ಬಂದರೆ ಕುಂದಾಪುರದವರು ಎಂದಾಯಿತು. ಸೆಂಟ್ರಲ್ ಲೈನಿನ ಜನಜಂಗುಳಿ ಬಗ್ಗೆ ಗೊಣಗಿದರೆ ಎಲ್ಲಿ ಇರುವವರು ಎಂದಾಯಿತು. ಪಂದ್ಯ ನಡೆದ ಮರುದಿನ ‘ನಿನ್ನೆ ವಾಂಖೆಡೆಗೆ ಹೋಗಿದ್ದೆ’ ಎಂದು ಬರೆದರೆ ನಿಮ್ಮ ಆಫೀಸಿನಲ್ಲಿ ರಜೆ ಹಾಕಿದ ಕನ್ನಡಿಗ ಒಬ್ಬನೇ. ಮೂರು ಸುಳಿವು ಸೇರಿದರೆ ಸಾಕು, ಹೆಸರು ಯಾರೋ ಒಬ್ಬರ ಬಾಯಲ್ಲಿ ಬಂದುಬಿಡುತ್ತದೆ. ಗುಟ್ಟು ನಿಜವಾಗಿ ಮುಖ್ಯವಾದರೆ ಶಿಷ್ಟ ಕನ್ನಡದಲ್ಲಿ ಬರೆಯಿರಿ. ಊರು, ಸ್ಟೇಷನ್, ಹಬ್ಬದ ಸುದ್ದಿ ಬಿಟ್ಟುಬಿಡಿ. ನಡೆದದ್ದನ್ನು ಎರಡು ವಾರ ಬಿಟ್ಟು ಹೇಳಿ.

ಯಂತ್ರಗಳೂ ಗುಟ್ಟು ಬಿಡುತ್ತವೆ. ಅದೇ ಮೊಬೈಲ್ ನಂಬರಿನಿಂದ ಇನ್‌ಸ್ಟಾಗ್ರಾಮಿನ ಎರಡನೇ ಅಕೌಂಟ್ ಮಾಡಿದರೆ, ನಿಮ್ಮ ನಂಬರ್ ಇರುವವರಿಗೆ ‘ಇವರು ನಿಮಗೆ ಗೊತ್ತಿರಬಹುದು’ ಎಂದು ಆ್ಯಪ್ ತಾನೇ ತೋರಿಸಬಹುದು. ಕಾಂಟ್ಯಾಕ್ಟ್ಸ್ ಸಿಂಕ್ ಬಂದ್ ಮಾಡಿ. ಅಕೌಂಟನ್ನು ಬೇರೆಯವರಿಗೆ ಸೂಚಿಸುವ ಸೆಟ್ಟಿಂಗ್ ತೆಗೆಯಿರಿ. ಬೇರೆ ಇಮೇಲ್ ಬಳಸಿ, ಬ್ರೌಸರಿನಲ್ಲಿ ಬೇರೆ ಪ್ರೊಫೈಲ್ ಇಡಿ. ಇಂಟರ್ನೆಟ್ಟಿನಲ್ಲಿ ಆಗಲೇ ಇರುವ ಫೋಟೋ ಬೇಡ, ಹಳೆಯ ಡಿಪಿಯಂತೂ ಬೇಡವೇ ಬೇಡ, ಫೋಟೋ ಹಾಕಿ ಹುಡುಕಿದರೆ ಮೂಲ ಸಿಗುತ್ತದೆ. ಟೆಲಿಗ್ರಾಮಿನಲ್ಲಿ ನಂಬರ್ ಯಾರಿಗೆ ಕಾಣಬೇಕು, ನಂಬರಿನಿಂದ ಯಾರು ಹುಡುಕಬಹುದು ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿ ಸುಮ್ಮನಾಗುವವರು ಜಾಸ್ತಿ. ಸಿಗ್ನಲ್‌ನಲ್ಲಿ 2024ರಿಂದ ನಂಬರ್ ಕೊಡದೇ ಯೂಸರ್‌ನೇಮ್ ಮಾತ್ರ ಕೊಟ್ಟು ಮಾತಾಡಬಹುದು. ವಾಟ್ಸಾಪ್ ಗ್ರೂಪಿನಲ್ಲಿ ನಂಬರ್ ಕಾಣುತ್ತದೆ, ಹಾಗಾಗಿ ಗುಟ್ಟಿನ ಹೆಸರಿಗೂ ವಾಟ್ಸಾಪ್ ಗ್ರೂಪಿಗೂ ಕೂಡಿಬರುವುದಿಲ್ಲ. ಮತ್ತು ಇಷ್ಟೆಲ್ಲ ಮಾಡಿದರೂ ನೆಂಟರಿಂದ, ಬಾಸ್‌ನಿಂದ ಅಡಗಿಕೊಳ್ಳಬಹುದೇ ಹೊರತು ಪೊಲೀಸರು ಕಾನೂನು ಪ್ರಕಾರ ಕೇಳಿದರೆ ಕಂಪನಿಗಳು ಮಾಹಿತಿ ಕೊಡುತ್ತವೆ.

ಎರಡನೇ ಸಿಮ್ಮಿನ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ. ಒಬ್ಬರ ಹೆಸರಿನಲ್ಲಿ ಹೆಚ್ಚಿನ ರಾಜ್ಯಗಳಲ್ಲಿ 9 ಸಿಮ್ ತನಕ ಇರಬಹುದು, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟಿವೆ ಎಂದು ನೋಡಬಹುದು. ಆದರೆ 90 ದಿನ ಬಳಸದೇ, ರೀಚಾರ್ಜ್ ಮಾಡದೇ ಬಿಟ್ಟ ನಂಬರ್ ಬಂದ್ ಆಗಿ ಮುಂದೆ ಬೇರೊಬ್ಬರಿಗೆ ಹೋಗುತ್ತದೆ. ಆ ನಂಬರಿಗೆ ಕಟ್ಟಿದ ಅಕೌಂಟಿನ ಒಟಿಪಿಯೂ ಅವರಿಗೇ ಹೋಗುತ್ತದೆ. ವಾಟ್ಸಾಪ್ 120 ದಿನ ಬಳಸದಿದ್ದರೆ ಅಕೌಂಟನ್ನೇ ಅಳಿಸುತ್ತದೆ. ಎರಡನೇ ಗುರುತು ಎಂದರೆ ಎರಡನೇ ರೀಚಾರ್ಜ್, ತಪ್ಪದೆ. ಆ ಖರ್ಚು ಬೇಡ ಎನಿಸಿದರೆ ನಂಬರಿಲ್ಲದೆ ಇಮೇಲಿನಿಂದ ಮಾತ್ರ ನಡೆಯುವ ಕಡೆ ಗುಟ್ಟಿನ ಹೆಸರು ಇಡಿ.

ಎಲ್ಲಕ್ಕಿಂತ ಕೆಟ್ಟದ್ದು

ಒಂದೇ ಹೆಸರು, ಒಂದೇ ಫೋಟೋ, ಆದರೆ ಮೂರು ಅಕೌಂಟ್. ಪಾಸ್‌ವರ್ಡ್ ಮರೆತದ್ದಕ್ಕೆ ಇನ್ನೊಂದು, ಫೋನ್ ಬದಲಿಸಿದ್ದಕ್ಕೆ ಮತ್ತೊಂದು. ನಮ್ಮ ಹಿರಿಯರಲ್ಲಿ ಇದು ತುಂಬಾ ಸಾಮಾನ್ಯ. ಇದರಲ್ಲಿ ಒಂದೂ ಲಾಭ ಇಲ್ಲ. ದುಡ್ಡು ಕೇಳುವ ಕಳ್ಳರು ಮಾಡುವುದೂ ಇದನ್ನೇ: ನಿಮ್ಮ ಡಿಪಿ ಕದ್ದು, ನಿಮ್ಮ ಹೆಸರು ಹಾಕಿ, ‘ಇದು ನನ್ನ ಹೊಸ ಅಕೌಂಟ್, ಹಳೆಯದು ಹೋಯಿತು, ಅರ್ಜೆಂಟಾಗಿ ಹತ್ತು ಸಾವಿರ ಹಾಕಿ’ ಎಂದು ಊರಿನವರಿಗೆ ಮೆಸೇಜ್ ಕಳಿಸುತ್ತಾರೆ. ನೀವೇ ಎರಡು ಸಲ ಹೊಸ ಅಕೌಂಟ್ ಮಾಡಿದವರಾದರೆ ಊರಿನ ಮಾವ ಯಾಕೆ ಸಂಶಯ ಪಡುತ್ತಾರೆ? ಅಪ್ಪ ಅಮ್ಮನ ಫೋನ್ ಕೈಗೆ ಸಿಕ್ಕಾಗ ಮೊದಲು ಇದನ್ನು ಸರಿಮಾಡಿ. ಒಂದು ಉಳಿಸಿ, ಅದಕ್ಕೆ ಎರಡು ಹಂತದ ವೆರಿಫಿಕೇಶನ್ ಹಾಕಿ, ಉಳಿದದ್ದನ್ನು ಅಳಿಸಿ. ಯಾರಾದರೂ ಆಗಲೇ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎಷ್ಟು ಸಂಭಾಳಿಸಬಹುದು

ಒಂದು ಜಿಮೇಲಿನ ಮೇಲೆ ಇಡೀ ಜೀವನ ಕಟ್ಟಿದವರಿಗೆ ಅದು ಹೋದರೆ ಎಲ್ಲವೂ ಹೋಯಿತು. ಹತ್ತು ಜಿಮೇಲ್ ಇಟ್ಟವರಿಗೆ ಏಳು ನೆನಪೇ ಇರುವುದಿಲ್ಲ, ಮತ್ತು ಎರಡು ವರ್ಷ ಬಳಸದ ಅಕೌಂಟನ್ನು ಗೂಗಲ್ ಅಳಿಸಿಹಾಕಬಹುದು. ನನ್ನ ಪ್ರಕಾರ ಎರಡು ಇಮೇಲ್ ಸರಿ. ಒಂದು ಬ್ಯಾಂಕು, ಟ್ಯಾಕ್ಸು, ಕೆಲಸಕ್ಕೆ, ಅದನ್ನು ಅಂಗಡಿಯ ಬಿಲ್ಲಿಗೆ, ಮಾಲ್‌ನ ಲಕ್ಕಿ ಡ್ರಾಗೆ ಕೊಡಲೇಬೇಡಿ. ಇನ್ನೊಂದು ಉಳಿದ ಎಲ್ಲದಕ್ಕೆ. ಜಿಮೇಲಿನಲ್ಲಿ ನಿಮ್ಮ ಯೂಸರ್‌ನೇಮ್ ಆದ ಮೇಲೆ, @ ಚಿಹ್ನೆಗೆ ಮೊದಲು, ಪ್ಲಸ್ ಚಿಹ್ನೆ ಹಾಕಿ ಒಂದು ಪದ ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ, ಹಾಗಾಗಿ ಯಾವ ಅಂಗಡಿಯವರು ನಿಮ್ಮ ವಿಳಾಸ ಮಾರಿದರು ಎಂದು ಕಂಡುಹಿಡಿಯಬಹುದು. ಪಾಸ್‌ವರ್ಡುಗಳಿಗೆ ಒಂದು ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಎಲ್ಲ ಅಕೌಂಟಿಗೂ ಮಗಳ ಹೆಸರು ಮತ್ತು ಹುಟ್ಟಿದ ವರ್ಷ ಹಾಕಬೇಡಿ.

ಅಕೌಂಟ್ ಜಾಸ್ತಿ ಇದ್ದಷ್ಟೂ ಮನೆಯವರಿಗೆ ಮುಂದೆ ಕಷ್ಟ. ಗೂಗಲ್‌ನ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರಿನಲ್ಲಿ, ನೀವು ಇಷ್ಟು ತಿಂಗಳು ಕಾಣದಿದ್ದರೆ ಇಂಥವರಿಗೆ ತಿಳಿಸಿ ಎಂದು ಒಬ್ಬರ ಹೆಸರು ಕೊಡಬಹುದು. ಹೆಂಡತಿಯದೋ ಅಣ್ಣನದೋ ಹಾಕಿಡಿ. ಗುಟ್ಟಿನ ಅಕೌಂಟಿಗೆ ಯಾರ ಹೆಸರೂ ಹಾಕುವಂತಿಲ್ಲ, ಅದು ನಿಮ್ಮ ಜೊತೆಗೇ ಮುಗಿಯುತ್ತದೆ ಎಂದು ಮೊದಲೇ ಒಪ್ಪಿಕೊಂಡು ಮಾಡಿ.

ಬೇಡದ ಅಕೌಂಟ್ ತೆಗೆಯುವಾಗ ಆ್ಯಪ್ ಡಿಲೀಟ್ ಮಾಡಿದರೆ ಅಕೌಂಟ್ ಹೋಗುವುದಿಲ್ಲ. ಮೊದಲು ಫೋಟೋ, ಬರಹ ಎಲ್ಲ ಇಳಿಸಿಕೊಳ್ಳಿ, ಗೂಗಲ್‌ನಲ್ಲಿ ಟೇಕ್‌ಔಟ್, ಫೇಸ್‌ಬುಕ್ಕಿನಲ್ಲಿ ಮಾಹಿತಿ ಡೌನ್‌ಲೋಡ್ ಎಂದು ಇದೆ. ಆ ಅಕೌಂಟಿನಿಂದ ಲಾಗಿನ್ ಆಗುವ ಬೇರೆ ಆ್ಯಪುಗಳಿಗೆ ಹೊಸ ಇಮೇಲ್ ಕೊಡಿ, ಬ್ಯಾಂಕು ಮತ್ತು ವಿದ್ಯುತ್ ಬಿಲ್ ಮರೆಯಬೇಡಿ. ಆಮೇಲೆ ಸೆಟ್ಟಿಂಗ್ಸಿಗೆ ಹೋಗಿ ಶಾಶ್ವತವಾಗಿ ಅಳಿಸುವುದನ್ನು ಒತ್ತಿ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ 30 ದಿನ ಕಾಯುತ್ತವೆ. ಆ 30 ದಿನದಲ್ಲಿ ಒಮ್ಮೆ ಲಾಗಿನ್ ಆಗಿ ಅಳಿಸುವುದನ್ನು ರದ್ದು ಮಾಡಿದರೆ ಮತ್ತೆ ಮೊದಲಿನಿಂದ ಲೆಕ್ಕ, ಆದ್ದರಿಂದ ಅಷ್ಟು ದಿನ ಆ ಅಕೌಂಟನ್ನು ಮುಟ್ಟಬೇಡಿ.